ಬಾವಿ ಬರಿದು ಮಾಡಿದ ವಾರ

ಒಳ್ಳೆಯ ಸುದ್ದಿ ಹೇಳಿದವರ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ನಾನು ಆಗಿದ್ದೇನೆ. ಅದೂ ಬಾಯಿಗೆ ಬಂದಂತೆ ಬೈಯಬೇಕು ಅನ್ನಿಸುವಷ್ಟು.

ವಿದ್ಯಾನಗರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಫೋನ್ ಬಂತು. ಆ ಕಡೆ ಇದ್ದವನು ಬೇರೊಂದು ಊರಿನ ಕಾಲೇಜಿನಲ್ಲಿ ಅಂತರ್ಜಲದ ಸಂಶೋಧನೆ ಮಾಡುವ ಯುವಕ. ನಮ್ಮ ಎರಡೂ ಕಾಲೇಜುಗಳು ಮಳೆ-ನೀರಿನ ಲೆಕ್ಕ ಹಂಚಿಕೊಳ್ಳುವ ಒಂದೇ ಜಾಲದಲ್ಲಿದ್ದವು. ಮುಖ ನೋಡಿರಲಿಲ್ಲ, ಮಾತು ಮಾತ್ರ ಚೆನ್ನಾಗಿ ಪರಿಚಯ.

“ಮೇಡಂ, ಹರಿಹರ ತಾಲೂಕಿನ ನಿಮ್ಮ ಬಾವಿ ಇದೆಯಲ್ಲ, ಇಡೀ ಜಾಲದಲ್ಲೇ ಅಂಥ ಡೇಟಾ ಯಾರ ಹತ್ತಿರವೂ ಇಲ್ಲ! ತಳದವರೆಗೆ ಖಾಲಿ ಮಾಡಿ, ಮತ್ತೆ ತುಂಬೋಕೆ ಬಿಟ್ಟಿದ್ದಾರೆ. ನೀರು ಏರಿರೋ ಗೆರೆ ಎಷ್ಟು ಚೆಂದ ಬಂದಿದೆ ಗೊತ್ತಾ? ಪಾಠದಲ್ಲಿ ಬರೆದ ಚಿತ್ರದ ಹಾಗಿದೆ. ನಿಮ್ಮ ಕಾಲೇಜಿನಲ್ಲಿ ನಡೆಯೋ ಜಾಲದ ಕಾರ್ಯಕ್ರಮದಲ್ಲಿ ಅದನ್ನೇ ದೊಡ್ಡ ಪರದೆ ಮೇಲೆ ತೋರಿಸೋಣ ಅಂತಿದ್ದೀವಿ. ಬಾವಿ ಯಜಮಾನರಿಗೆ ಒಂದು ಶಾಲು ಹಾಕಿ ಸನ್ಮಾನ. ನಿಮ್ಮ ಫೈಲಲ್ಲಿ ಅವರ ನಂಬರ್ ಇತ್ತು, ಫೋನ್ ಮಾಡಿದ್ದೆ. ಬರ್ತೀನಿ ಅಂದ್ರು.”

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಆಮೇಲೆ ಮಾತಾಡ್ತೀನಿ ಎಂದು ಫೋನ್ ಇಟ್ಟೆ.

ಆ ಬಾವಿಯ ಯಜಮಾನ ನನ್ನ ಅಣ್ಣ. ಬಾವಿ ಬರಿದು ಮಾಡಿಸಿದ್ದು ಯಾವ ಪರೀಕ್ಷೆಗೂ ಅಲ್ಲ. ನನ್ನ ಅತ್ತಿಗೆ, ಅಣ್ಣನ ಹೆಂಡತಿ, ಅದರಲ್ಲಿ ಬಿದ್ದು ಸತ್ತಿದ್ದಳು. ನಮ್ಮ ಕಡೆ ಬಾವಿಯಲ್ಲಿ ಸಾವಾದರೆ ಆ ನೀರನ್ನು ಹಾಗೇ ಬಳಸುವುದಿಲ್ಲ. ತಳ ಕಾಣುವ ತನಕ ಎತ್ತಿ ಚೆಲ್ಲಿಸಿ, ಹೂಳು ತೆಗೆಸಿ, ಅಯ್ಯನೋರನ್ನು ಕರೆಸಿ ಶುದ್ಧಿ ಮಾಡಿಸಿ, ಆಮೇಲೆ ಹೊಸ ನೀರು ಬರಲು ಬಿಡುತ್ತಾರೆ. ಆ ಯುವಕ ಚೆಂದ ಅಂದದ್ದು ಆ ಹೊಸ ನೀರಿನ ಗೆರೆಯನ್ನು. ಈಗ ನನ್ನ ಅಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದು, ಸಭೆಯ ಮುಂದಿನ ಸಾಲಿನಲ್ಲಿ ಕೂತು, ಅದನ್ನು ಪರದೆಯ ಮೇಲೆ ನೋಡಬೇಕಾಗಿತ್ತು. ಜನ ಚಪ್ಪಾಳೆ ಹೊಡೆಯುತ್ತಾರೆ. ಅದೊಂದು ಆಗಬಾರದು ಎಂದು ನಾನು ಅಲ್ಲೇ ನಿಶ್ಚಯ ಮಾಡಿದೆ.

ಈ ಜಾಲದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಮೊದಲೆಲ್ಲ ಮಳೆಯ ಲೆಕ್ಕ ಒಬ್ಬರ ಬೀರುವಿನಲ್ಲಿ, ಹೊಳೆಯ ಲೆಕ್ಕ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಕೇಳಿದರೆ ಪತ್ರ ಬರೀರಿ, ಮೇಲಿನವರ ಸಹಿ ತರ್ರಿ ಎನ್ನುತ್ತಿದ್ದರು. ಮಣ್ಣು ನೀರು ಯಾರಪ್ಪನ ಸ್ವತ್ತೂ ಅಲ್ಲ, ಅದರ ಲೆಕ್ಕಕ್ಕೆ ಮಾತ್ರ ಸಾವಿರ ಬೀಗ. ಇದು ನನಗೆ ಮೈ ಉರಿಸುತ್ತಿತ್ತು. ಹಾಗಾಗಿ ಹಲವು ಊರಿನ ಕಾಲೇಜುಗಳು ಸೇರಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಹೊಂದಿಸೋಣ ಎಂದಾಗ ಮೊದಲು ಕೈ ಎತ್ತಿದವಳು ನಾನೇ. ಹದಡಿಯ ಮಳೆ, ಹರಿಹರದ ಹೊಳೆಯ ಮಟ್ಟ, ನಮ್ಮ ಬಾವಿಗಳ ನೀರು, ಎಲ್ಲ ಅಂಕಿಯೂ ನಮ್ಮ ಸರ್ವರಿನಲ್ಲೇ ಇರುತ್ತದೆ. ಆದರೆ ಎಲ್ಲಿಯೋ ಕೂತವರು ಕೇಳಿದ ಕೂಡಲೇ ವೆಬ್ ಸರ್ವಿಸ್ ತಾನಾಗಿಯೇ ಕೊಡುತ್ತದೆ. ದೊಡ್ಡ ಲೆಕ್ಕವಾದರೆ ಎಲ್ಲ ಕಾಲೇಜಿನ ಕಂಪ್ಯೂಟರುಗಳೂ ಅದನ್ನು ಪಾಲು ಮಾಡಿಕೊಂಡು ಮಾಡುತ್ತವೆ. ಅದಕ್ಕೆ ಬೇಕಾದ ಅಂಕಿಗಳ ಒಂದೊಂದು ಪ್ರತಿಯನ್ನು ಅವು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ನಡುವೆ ಯಾರ ಸಹಿಯೂ ಬೇಡ.

ಬಾವಿಗೆ ಸೆನ್ಸರ್ ಇಳಿಸಲು ಜಾಗ ಹುಡುಕುವಾಗ ನಂದಿಗುಡಿಯ ಕಡೆಗಿರುವ ನನ್ನ ತವರೂರಿಗೇ ಹೋದೆ. ಅಣ್ಣನದು ಗದ್ದೆ ಬದಿಯ ಹಳೆಯ ತೆರೆದ ಬಾವಿ. ಒಂದು ಕಡೆ ಕಲ್ಲಿನ ಮೆಟ್ಟಿಲು. ನೀರಾವರಿ ಚಾನಲ್ಲಿಗೆ ನೀರು ಬಿಟ್ಟರೆ ಮೇಲಿನ ಮೆಟ್ಟಿಲುಗಳವರೆಗೆ ತುಂಬಿಕೊಳ್ಳುತ್ತದೆ. ತಳದವರೆಗೆ ಒಂದು ಪೈಪು ಇಳಿಸಿ, ಅದರೊಳಗೆ ಸೆನ್ಸರ್ ತೂಗುಬಿಟ್ಟು, ದಂಡೆಯ ಮೇಲೆ ಸಣ್ಣ ಡಬ್ಬಿಯಲ್ಲಿ ಸಿಮ್ ಹಾಕಿದೆವು. ನೀರು ಎಷ್ಟು ಎತ್ತರಕ್ಕಿದೆ ಎಂದು ಅದು ಹಗಲೂ ರಾತ್ರಿ ಕಳಿಸುತ್ತಿರುತ್ತದೆ.

ಅಣ್ಣನಿಗೆ ಅದರ ಬಗ್ಗೆ ಹೆಚ್ಚು ಕುತೂಹಲ ಇರಲಿಲ್ಲ. ಎಲ್ಲ ಕೇಳಿದವಳು ಅತ್ತಿಗೆ.

“ಇದು ಯಾರಿಗೆ ಹೇಳತೈತೆ?”

“ಯಾರು ಕೇಳಿದ್ರೂ ಹೇಳತೈತೆ ಅತ್ತಿಗೆ.”

“ಗುರುತಿಲ್ಲದೋರು ಕೇಳಿದ್ರೂ?”

“ಹೂಂ, ಅವರಿಗೂ.”

“ಹಂಗಾದ್ರೆ ಚಾಡಿ ಹೇಳೋ ಮೆಷಿನ್ನು ಅನ್ನು! ಓಣ್ಯಾಗೆ ಇರೋರು ಸಾಲದು ಅಂತ ಬಾವಿಗೂ ಒಂದು ತಂದು ಇಟ್ಯಾ?”

ಅವಳು ಹೀಗೆಯೇ. ನನಗೆ ಅಮ್ಮ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಬಂದ ಹೊಸತರಲ್ಲೇ ನನ್ನ ತಲೆಯ ಸಿಕ್ಕು ಬಿಡಿಸಿ, ಹೇನು ತೆಗೆದು, “ಇಷ್ಟು ದಿನ ಯಾರೂ ನೋಡಿಲ್ಲೇನು ಈ ಹುಡುಗಿ ತಲಿ?” ಎಂದು ಇಡೀ ಮನೆಗೆ ಕೇಳುವಂತೆ ಬೈದಳು. ನನ್ನನ್ನು ದಾವಣಗೆರೆಯ ಹಾಸ್ಟೆಲಿಗೆ ಕಳಿಸಬೇಕು ಎಂದು ಹಟ ಹಿಡಿದು, ಅಪ್ಪ ಒಪ್ಪುವ ತನಕ ಅವರ ಜೊತೆ ಮಾತು ಬಿಟ್ಟಿದ್ದವಳೂ ಅವಳೇ. ಮಾವನ ಜೊತೆ ಸೊಸೆ ಮಾತು ಬಿಡುವುದೆಂದರೆ ಊರಿಗೆಲ್ಲ ಸುದ್ದಿ. ಅವಳು ಸೊಪ್ಪು ಹಾಕಲಿಲ್ಲ. ನಾನು ಈಗ ಯಾರ ಎದುರಾದರೂ ಗಂಟಲು ಏರಿಸಿ ಮಾತಾಡಬಲ್ಲೆನಾದರೆ ಅದು ಅವಳಿಂದ ಕಲಿತದ್ದು.

ಸೆನ್ಸರ್ ಇಳಿಸಿದ ಮೇಲೆ ಅವಳಿಗೆ ಅದೊಂದು ಹೆಮ್ಮೆಯಾಯಿತು. ಬಂದವರಿಗೆಲ್ಲ ತೋರಿಸುತ್ತಿದ್ದಳು. ಮಳೆ ಬಂದು ನಿಂತರೆ ನನಗೆ ಫೋನು: “ಎಷ್ಟು ಏರೈತೆ ನೋಡಿ ಹೇಳು.” ನಾನು ಹೇಳಿದರೆ, “ಸುಳ್ಳು ಹೇಳತೈತೆ ನಿನ್ನ ಮೆಷಿನ್ನು, ನಾನು ಈಗ ನೋಡ್ಕಂಡು ಬಂದೆ, ಇನ್ನೂ ಏರೈತೆ,” ಎಂದು ವಾದ ಮಾಡುತ್ತಿದ್ದಳು. ನಿಜವಾಗಿ ಅವಳದೇ ತಪ್ಪಿರುತ್ತಿತ್ತು. ನಾನೂ ಬಿಡುತ್ತಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ನಮ್ಮ ಜಗಳ ಕೇಳಿ ನಗುತ್ತಿದ್ದರು.

ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾಗಿತ್ತು. ಆದರೆ ಪೂಜೆಯ ನೀರು, ನಮ್ಮ ಕಡೆ ಅಗ್ಗಣಿ ಅನ್ನುತ್ತೇವೆ, ಅದು ಮಾತ್ರ ಬಾವಿಯದೇ ಆಗಬೇಕು ಅವಳಿಗೆ. “ನಲ್ಲಿ ನೀರು ಎಲ್ಲಿಂದ ಬರತೈತೋ, ಯಾರ ಕೈ ದಾಟಿ ಬರತೈತೋ, ದೇವ್ರಿಗೆ ಅದು ಬ್ಯಾಡ,” ಎನ್ನುತ್ತಿದ್ದಳು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು, ಸಣ್ಣ ತಾಮ್ರದ ತಂಬಿಗೆ ಹಿಡಿದು ಮೆಟ್ಟಿಲು ಇಳಿಯುವಳು. ಮಳೆಗಾಲದ ಒಂದು ಬೆಳಿಗ್ಗೆ ಪಾಚಿಯ ಮೇಲೆ ಕಾಲು ಜಾರಿತು. ಅಷ್ಟೇ. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಸಪ್ಪಳ ಕೇಳಿ ಓಡಿ ಬಂದರು. ಅವರಿಗೆ ಈಜು ಬರುತ್ತಿರಲಿಲ್ಲ. ಅವಳಿಗೂ ಬರುತ್ತಿರಲಿಲ್ಲ. ಗಂಡಸರು ಬರುವ ಹೊತ್ತಿಗೆ ತಡವಾಗಿತ್ತು.

ಹರಿಹರದ ಆಸ್ಪತ್ರೆಯಿಂದ ಅವಳನ್ನು ತಂದು ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಆ ವಾರವೆಲ್ಲ ನಾನು ಒಳಮನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಬಂದವರೆಲ್ಲ ಅದೇ ಕೇಳುವುದು, ಅದೇ ಹೇಳುವುದು. ಹೊರಗಿನಿಂದ ಪಂಪಿನ ಸದ್ದು ಬರುತ್ತಿತ್ತು. ಕರೆಂಟಿನ ಮೋಟಾರು ಸಾಲದೆ ಎರಡು ಡೀಸೆಲ್ ಪಂಪು ತಂದಿದ್ದರು. ಆ ಸದ್ದು ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಪೈಪಿನೊಳಗೆ ಸೆನ್ಸರ್ ಇದೆ, ಅದು ಇದನ್ನೆಲ್ಲ ಕಳಿಸುತ್ತಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಎದ್ದು ಹೋಗಿ ತೆಗೆಯುವವಳಲ್ಲ ನಾನು ಆಗ.

ರಜೆ ಮುಗಿಸಿ ಲ್ಯಾಬಿಗೆ ಬಂದಾಗ ಪರದೆಯ ಮೇಲೆ ನಮ್ಮ ಬಾವಿಯ ಹೆಸರಿನ ಪಕ್ಕ ಹಳದಿ ದೀಪ ಉರಿಯುತ್ತಿತ್ತು. ಅಂಕಿಯಲ್ಲಿ ಏನೋ ಹೆಚ್ಚುಕಮ್ಮಿ ಕಂಡರೆ ಜಾಲವೇ ಹಾಗೆ ಗುರುತು ಹಾಕುತ್ತದೆ, ಕಾರಣ ಕೇಳುತ್ತದೆ. ಆರಿಸಿಕೊಳ್ಳಲು ಕೆಳಗೆ ಕೊಟ್ಟಿದ್ದರು: ಮಳೆ, ಪಂಪು, ಸೆನ್ಸರ್ ಕೆಟ್ಟಿದೆ, ಇತರೆ. ನಾನು ಬಹಳ ಹೊತ್ತು ನೋಡಿದೆ. ಅತ್ತಿಗೆ ಮಳೆಯಲ್ಲ, ಪಂಪಲ್ಲ. ಅವಳನ್ನು ಇತರೆ ಎಂದು ಒತ್ತಲು ನನಗೆ ಆಗಲಿಲ್ಲ. ಹಾಗೇ ಬಿಟ್ಟು ಎದ್ದೆ. ಯಾರೋ ಆಮೇಲೆ ಆ ಗೆರೆಯನ್ನು ನೋಡಿ, ಇದು ಪಂಪಿನ ಪರೀಕ್ಷೆ, ಸರಿಯಾಗಿದೆ ಎಂದು ಹಸಿರು ದೀಪ ಹಾಕಿದರು. ಹಸಿರು ಬಿದ್ದ ಅಂಕಿಗಳು ಎಲ್ಲ ಕಡೆಗೆ ಹೋಗುತ್ತವೆ.

ಫೋನ್ ಬಂದ ದಿನ ಸಂಜೆಯೊಳಗೆ ಆ ಯುವಕನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಬೇಕೆಂದೇ ಶುರು ಮಾಡಿದೆ, ಅರ್ಧಕ್ಕೆ ಬೈಗುಳ ಬಿಟ್ಟು ಅತ್ತಿಗೆಯ ವಿಷಯವನ್ನಷ್ಟೇ ಹೇಳಿ ಮುಗಿಸಿದೆ. “ಮೇಡಂ, ನನಗೆ ಗೊತ್ತಿರಲಿಲ್ಲ,” ಅಂದ ಅವನು. ಮತ್ತೆ ಅದನ್ನೇ ಅಂದ. ಪಾಪ, ಅವನದೇನು ತಪ್ಪು? ನೀರು ಏರಿದ್ದು ನಿಜ, ಗೆರೆ ಚೆಂದ ಇದ್ದದ್ದೂ ನಿಜ.

“ನನ್ನ ಪರದೆಯಿಂದ ತೆಗೀತೀನಿ. ನೀವು ನಿಮ್ಮ ಸರ್ವರಿನಿಂದ ಆ ವಾರದ ಅಂಕಿಗಳನ್ನು ಹಿಂತೆಗೀರಿ,” ಅಂದ. “ಆದರೆ ಮೇಡಂ, ಒಂದು ಮಾತು. ಆಗಲೇ ಬೇರೆ ಕಾಲೇಜಿನವರು ಪಾಠಕ್ಕೆ ಅಂತ ಅದರ ಪ್ರತಿ ಮಾಡಿಟ್ಟುಕೊಂಡಿದ್ದಾರೆ. ಕಾರ್ಯಕ್ರಮದ ದಿನ ಎಲ್ಲರೂ ತಮ್ಮ ತಮ್ಮದನ್ನು ತೋರಿಸ್ತಾರೆ. ಯಾರು ಏನು ಹಾಕ್ತಾರೋ ನನ್ನ ಕೈಯಲ್ಲಿಲ್ಲ.”

ನಾನು ಆ ವಾರವನ್ನು ಹಿಂತೆಗೆದೆ. ನಮ್ಮ ಸರ್ವರಿನಲ್ಲಿ ಆ ಜಾಗ ಖಾಲಿಯಾಯಿತು. ಒಂದು ಕಾಪಿ ಮಾತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡೆ. ಬೇರೆ ಕಾಲೇಜುಗಳಿಗೆ ಒಬ್ಬೊಬ್ಬರಿಗೂ ಬರೆದೆ, ಫೋನು ಮಾಡಿದೆ. ಕೆಲವರು ತಕ್ಷಣ ತೆಗೆದರು. ಕೆಲವರಿಗೆ ತಮ್ಮಲ್ಲಿ ಅದು ಎಲ್ಲೆಲ್ಲಿದೆ ಎಂದೇ ಗೊತ್ತಿರಲಿಲ್ಲ. ಒಬ್ಬರಂತೂ, “ಹಂಚೋಣ ಅಂತ ಹೋರಾಡಿದವರು ನೀವೇ ಅಲ್ವಾ ಮೇಡಂ?” ಎಂದು ನಗಾಡಿದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಹೇಳುವ ಮನಸ್ಸೂ ನನಗೆ ಬರಲಿಲ್ಲ. ಹೌದು ಸರ್, ನಾನೇ, ಅಂದೆ.

ಉಳಿದದ್ದು ಒಂದೇ ದಾರಿ, ಅಣ್ಣನನ್ನು ಬರಬೇಡ ಎನ್ನುವುದು. ಭಾನುವಾರ ಹರಿಹರಕ್ಕೆ ಬಸ್ಸು ಹಿಡಿದೆ, ಅಲ್ಲಿಂದ ನಂದಿಗುಡಿಯ ಬಸ್ಸು. ಬಸ್ಸಿನ ತುಂಬ ಮಠಕ್ಕೆ ಹೋಗುವವರು, ತರಕಾರಿ ಚೀಲ, ಗಲಾಟೆ. ಏನು ಸುಳ್ಳು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಅನ್ನಲೇ? ಸನ್ಮಾನ ಇಲ್ಲ ಅನ್ನಲೇ? ಯಾವುದೂ ನಾಲಿಗೆಗೆ ಒಗ್ಗಲಿಲ್ಲ.

ಅಣ್ಣ ಕಟ್ಟೆಯ ಮೇಲೆ ಕೂತು ದಾಡಿ ಮಾಡಿಕೊಳ್ಳುತ್ತಿದ್ದ. ಅತ್ತಿಗೆ ಹೋದ ಮೇಲೆ ಅವನು ಯಾವ ಮದುವೆಗೂ ಹೋಗಿರಲಿಲ್ಲ, ಯಾವ ನಾಮಕರಣಕ್ಕೂ ಹೋಗಿರಲಿಲ್ಲ. ಬಾವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗದ್ದೆಗೆ ಹೋಗುವಾಗಲೂ ಆ ಬದು ಬಿಟ್ಟು ಬಳಸಿಕೊಂಡು ಹೋಗುತ್ತಿದ್ದ. ಈಗ ನೋಡಿದರೆ ಗೂಟಕ್ಕೆ ಇಸ್ತ್ರಿ ಮಾಡಿದ ಅಂಗಿ ತೂಗುಹಾಕಿದ್ದಾನೆ.

“ಬಾ ತಂಗಿ. ಶಾಲು ಹಾಕ್ತಾರಂತೆ ನಂಗೆ! ನಾನು ಬರಾಕಿಲ್ಲ ಅಂತಿದ್ದೆ. ಆಮ್ಯಾಲೆ ಅನ್ಕಂಡೆ, ಆ ಮೆಷಿನ್ನು ಅಂದ್ರೆ ಅವಳಿಗೆ ಭಾಳ ಇದು ಇತ್ತು. ಇದ್ದಿದ್ರೆ ಅವಳೇ ಮುಂದೆ ಕೂಡ್ರೋಳು. ಅವಳ ಬದ್ಲಿ ನಾನು ಬರ್ತೀನಿ.”

ಯೋಚಿಸಿಟ್ಟ ಸುಳ್ಳುಗಳೆಲ್ಲ ಎಲ್ಲಿ ಹೋದವೋ.

“ಅಣ್ಣ, ನೀನು ಬರಬ್ಯಾಡ,” ಅಂದೆ.

“ಯಾಕ?”

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಏನನ್ನೂ ಮುಚ್ಚದೆ. ಅವನು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಹಾಗೇ ಕೇಳಿದ. ಅದು ಅಲ್ಲೇ ಒಣಗಿತು. ಸಿಟ್ಟಾಗುತ್ತಾನೆ, ಇಲ್ಲವೇ ಎದ್ದು ಹೋಗುತ್ತಾನೆ ಅಂದುಕೊಂಡಿದ್ದೆ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕೇಳಿದ:

“ಅದು ನಿನ್ನ ಹತ್ರ ಐತೇನು ಈಗ?”

“ಐತೆ. ಬ್ಯಾಡ ಬಿಡಣ್ಣ, ನಾನು ತೆಗೆಸ್ತಾ ಇದ್ದೀನಿ.”

“ತೋರ್ಸು.”

ಲ್ಯಾಪ್‌ಟಾಪು ತೆಗೆದು ಕಟ್ಟೆಯ ಮೇಲೆ ಇಟ್ಟೆ. ಬಿಸಿಲಿಗೆ ಪರದೆ ಕಾಣದೆ ಅವನು ಟವೆಲ್ಲನ್ನು ಮರೆ ಹಿಡಿದ. ಎಡದಿಂದ ಬಲಕ್ಕೆ ದಿನಗಳು, ಗೆರೆ ಕೆಳಗೆ ಬಂದರೆ ನೀರು ಕೆಳಗೆ ಹೋಯಿತು ಎಂದು ಅರ್ಥ, ಎಂದು ಹೇಳಿಕೊಟ್ಟೆ. ಎಷ್ಟು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೋ ಇದನ್ನು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

“ಇಲ್ಲಿ ಪಂಪು ಹಚ್ಚಿದ್ದು,” ಅಂದೆ. “ಇಲ್ಲಿ ತನಕ ಇಳಿದದ್ದು.”

ಅಣ್ಣ ಗೆರೆಯ ತಳದಲ್ಲಿ ಬೆರಳು ಇಟ್ಟ. ಅಲ್ಲಿ ಅದು ಇಳಿಯದೆ, ಏರದೆ, ನೆಲ ಸಾರಿಸಿದ ಹಾಗೆ ನೇರವಾಗಿ ಹೋಗಿತ್ತು.

“ಇದು ಯಾಕ ಹಿಂಗೆ ಮಟ್ಟಸ ಐತೆ?”

“ತಳ ಕಂಡ ಮ್ಯಾಲೂ ಪಂಪು ನಡೆದೈತೆ ಅಂತ. ಸೆಲೆಯಿಂದ ಬಂದ ನೀರು ಬಂದಂಗೇ ಹೊರಗೆ ಹೋಗೈತೆ.”

“ಹೂಂ,” ಅಂದ. “ನಡೆಸಿದ್ದು ನಾನು.”

ನಾನು ಪರದೆ ಬಿಟ್ಟು ಅವನ ಕಡೆ ತಿರುಗಿದೆ.

“ಹೂಳು ತೆಗೆದು ಆಗಿತ್ತು. ಅಯ್ಯನೋರು ಬಂದು ಹೋಗಿದ್ರು. ಎಲ್ಲಾರೂ ಪಂಪು ಆರ್ಸು ಅಂದ್ರು. ಇನ್ನೊಂದೀಟು ಕೆಸರೈತೆ, ನೀವು ಊಟಕ್ಕೆ ಹೋಗ್ರಿ ಅಂದೆ. ಕೆಸರು ಇರ್ಲಿಲ್ಲ. ನೀರು ಬರೋದು ಬ್ಯಾಡಾಗಿತ್ತು ನಂಗೆ. ನೀರು ಬಂದ್ರೆ ಎಲ್ಲಾರೂ ಮುಗೀತು ಅಂತಾರೆ, ತಮ್ಮ ತಮ್ಮ ಮನಿಗೆ ಹೋಗ್ತಾರೆ. ಬಾವಿ ಮೊದ್ಲಿನಂಗೆ ಆಗತೈತೆ. ಕೆಳಗಿಳಿದು ಕಲ್ಲಿನ ಮ್ಯಾಲೆ ಕೂತೆ. ಅವಳು ಇದ್ದ ಜಾಗ ಕಾಣತಿತ್ತು. ಅದು ಮುಚ್ಚಿಹೋಗೋದು ಬ್ಯಾಡ ಅಂತ ಪಂಪು ಆರಿಸಲೇ ಇಲ್ಲ.”

“ಮತ್ತೆ ನಿಲ್ಲಿಸಿದ್ದು?”

“ನಾನು ನಿಲ್ಸಿಲ್ಲ. ಡೀಸೆಲ್ ತೀರ್ತು.”

ಗೆರೆ ತಳ ಬಿಟ್ಟು ಮೇಲೇಳುವ ಜಾಗ ಅದೇ. ಆ ಯುವಕ ಚೆಂದ ಅಂದದ್ದು, ಕಾಲೇಜುಗಳೆಲ್ಲ ಪಾಠಕ್ಕೆ ಇಟ್ಟುಕೊಂಡದ್ದು ಅಲ್ಲಿಂದಲೇ ಶುರು. ಅಣ್ಣನ ಬೆರಳು ಅದರ ಜೊತೆ ಮೆಲ್ಲಗೆ ಮೇಲೆ ಹೋಯಿತು.

“ಎಷ್ಟು ಬೇಗ ಬಂದೈತೆ ನೋಡು,” ಅಂದ.

ನನಗೆ ಅಳು ತಡೆಯಲಾಗಲಿಲ್ಲ. ಅವನು ಅಳಲಿಲ್ಲ. ಬಜಾರಿನಲ್ಲಿ ಏನನ್ನೋ ವಿಚಾರಿಸುವವನಂತೆ ಸಣ್ಣ ದನಿಯಲ್ಲಿ ಕೇಳಿದ:

“ತೆಗೆಸ್ತೀನಿ ಅಂದ್ಯಲ್ಲ. ಈ ಮಟ್ಟಸ ಇರೋದು ಇರ್ಲಿ. ಏರಿದ್ದಷ್ಟೇ ತೆಗಿಯಾಕೆ ಬರತೈತೇನು?”

“ಬರಲ್ಲಣ್ಣ. ಎಲ್ಲಾ ಕಡೆ ಹೋಗೈತೆ ಅದು.”

ಅಣ್ಣ ತಲೆಯಾಡಿಸಿದ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ. ಬಿಸಿಲು ಬಿದ್ದು ಪರದೆ ಕಾಣದಾಯಿತು.

“ಹಂಗಾದ್ರೆ ನೀರು ಬಂದಿದ್ದು ಎಲ್ಲಾರಿಗೂ ಗೊತ್ತಾಗೈತೆ,” ಅಂದ.